ನೆಲಮಾಳಿಗೆಯಲ್ಲಿ ಒಂದು ಘಾಟಿ

ಗೈಸ್ಲಿಂಗನ್, ಜರ್ಮನಿ
18 ಜನವರಿ 2025

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ನಿಮ್ಮ ಪತ್ರ ತಲುಪಿತು. ನಾನು ಕಳುಹಿಸಿದ ನನ್ನ ಮಾದರಿ ರೈಲುದಾರಿಯ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿದಿರೆಂದು ಅಮ್ಮ ಫೋನಿನಲ್ಲಿ ಹೇಳಿದರು. ಉಳಿದವರೆಲ್ಲ ಚೆನ್ನಾಗಿದೆ ಎಂದರೆ, ನೀವು ಮಾತ್ರ ಒಂದೇ ಪ್ರಶ್ನೆ ಬರೆದಿದ್ದೀರಿ: ಇದು ಅಳತೆಗೆ ಸರಿಯಾಗಿದೆಯೇ? ಹಳಿಗಳ ಉಸ್ತುವಾರಿ ನೋಡುವ ಪರ್ಮನೆಂಟ್ ವೇ ಇನ್‌ಸ್ಪೆಕ್ಟರ್ ಆಗಿ ಸಕಲೇಶಪುರದ ಘಾಟಿಯಲ್ಲಿ ಹಳಿಯ ಮೇಲೆ ನಡೆದು ನಿವೃತ್ತರಾದವರಿಂದ ಬೇರೆ ಪ್ರಶ್ನೆ ಬರಲಾರದು. ಅದಕ್ಕೆ ಹೌದು ಎಂದೂ ಇಲ್ಲ ಎಂದೂ ಒಂದೇ ಮಾತಿನಲ್ಲಿ ಉತ್ತರಿಸಲಾಗದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಹಿಡಿದಿರುವುದು ಎನ್ ಸ್ಕೇಲ್, ಅಂದರೆ 1:160, ನಿಜದ 160ರಲ್ಲಿ ಒಂದು ಪಾಲು. ಎರಡು ಹಳಿಗಳ ನಡುವೆ 9 ಮಿಲಿಮೀಟರ್ ಅಂತರ. 1960ರ ದಶಕದ ಆರಂಭದಲ್ಲಿ ನ್ಯೂರೆಂಬರ್ಗಿನ ಆರ್ನಾಲ್ಡ್ ಸಂಸ್ಥೆ ಈ ಗಾತ್ರವನ್ನು ಬಳಕೆಗೆ ತಂದಿತು. ನಮ್ಮೂರಿನಿಂದ ರೈಲಿನಲ್ಲಿ ಸ್ವಲ್ಪವೇ ದೂರದ ಗೋಪ್ಪಿಂಗನ್ನಿನಲ್ಲಿ 1859ರಲ್ಲಿ ಹುಟ್ಟಿದ ಮೆರ್ಕ್ಲಿನ್ ಸಂಸ್ಥೆಯಿದೆ; ಅವರ ಹೆಸರು ಮಾಡಿದ ರೈಲುಗಳು ಇದಕ್ಕಿಂತ ದೊಡ್ಡವು, 1:87. ಅಷ್ಟು ದೊಡ್ಡದಕ್ಕೆ ನಮ್ಮ ನೆಲಮಾಳಿಗೆಯಲ್ಲಿ ಜಾಗವಿಲ್ಲ. ನನಗೆ ಸಿಕ್ಕಿರುವುದು ಬಾಯ್ಲರ್ ಪಕ್ಕದ ಗೋಡೆಯುದ್ದಕ್ಕೆ 4 ಮೀಟರ್ ಉದ್ದ, 1 ಮೀಟರ್ ಅಗಲ. ನಿಮ್ಮ ಅಳಿಯಂದಿರು ಅದಕ್ಕಿಂತ ಒಂದು ಗೇಣು ಹೆಚ್ಚು ಕೊಡಲೊಲ್ಲರು.

ವಿಷಯವಾಗಿ ಆರಿಸಿಕೊಂಡದ್ದು ಮನೆಯ ಹಿಂದೆಯೇ ಕಾಣುವ ಗೈಸ್ಲಿಂಗನ್ ಘಾಟಿಯನ್ನು. 1850ರಲ್ಲಿ ಮಿಖಾಯೆಲ್ ಕ್ನೋಲ್ ಎಂಬ ಎಂಜಿನಿಯರರ ಮೇಲ್ವಿಚಾರಣೆಯಲ್ಲಿ ಕಟ್ಟಿ ಮುಗಿಸಿದ ಈ ದಾರಿ ಗೈಸ್ಲಿಂಗನ್ನಿನಿಂದ ಆಮ್‌ಸ್ಟೆಟ್ಟನ್‌ವರೆಗೆ 5.6 ಕಿಲೋಮೀಟರಿನಲ್ಲಿ 112 ಮೀಟರ್ ಏರುತ್ತದೆ. ಅತಿ ಕಡಿದಾದ ಕಡೆ ಗ್ರೇಡಿಯೆಂಟ್, ಅಂದರೆ ಏರಿನ ಪ್ರಮಾಣ, 44.5ಕ್ಕೆ 1. ಸಕಲೇಶಪುರದ 50ಕ್ಕೆ 1 ಇದಕ್ಕಿಂತ ಸೌಮ್ಯವೆಂದರೆ ನೀವು ಒಪ್ಪಲಿಕ್ಕಿಲ್ಲ, ಆದರೆ ಲೆಕ್ಕ ಹಾಗೆಯೇ ಹೇಳುತ್ತದೆ. ನಿಮ್ಮ ಘಾಟಿಯ ಉದ್ದ, 57 ಸುರಂಗಗಳು, ಮಳೆಗಾಲದ ಗುಡ್ಡ ಕುಸಿತ ಇವೆಲ್ಲ ಇಲ್ಲಿಗಿಲ್ಲ. ಇಲ್ಲಿ ಒಂದು ಸುರಂಗವೂ ಇಲ್ಲ, ಬೆಟ್ಟದ ಮಗ್ಗುಲನ್ನು ಕಡಿದು ಗೋಡೆ ಕಟ್ಟಿ ಎರಡು ಹಳಿಗಳನ್ನು ಮೇಲಕ್ಕೆ ಒಯ್ದಿದ್ದಾರೆ. ಎರಡಕ್ಕೂ ಸಮಾನವಾದದ್ದು ಬ್ಯಾಂಕರ್. ಭಾರದ ಗೂಡ್ಸ್ ಬಂದರೆ ಇಲ್ಲಿಯೂ ಹಿಂದಿನಿಂದ ಒತ್ತಲು ಇನ್ನೊಂದು ಎಂಜಿನ್ ಬೇಕೇ ಬೇಕು. ನನ್ನ ಮಾದರಿಯ ಉದ್ದೇಶವೂ ಅಷ್ಟೇ: ಒಂದು ಗೂಡ್ಸ್ ರೈಲು ಬ್ಯಾಂಕರಿನ ಬಲದಿಂದ ಘಾಟಿ ಏರುವುದನ್ನು ತೋರಿಸುವುದು. ಯಾವ ಅಳತೆಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೈಬಿಡಬೇಕು ಎಂಬುದನ್ನು ಆ ಒಂದು ಉದ್ದೇಶವೇ ತೀರ್ಮಾನಿಸಿತು.

ಈಗ ಲೆಕ್ಕಕ್ಕೆ ಬರೋಣ. 5.6 ಕಿಲೋಮೀಟರನ್ನು 160ರಿಂದ ಭಾಗಿಸಿದರೆ 35 ಮೀಟರ್ ಬರುತ್ತದೆ. 112 ಮೀಟರ್ ಏರಿಗೆ 70 ಸೆಂಟಿಮೀಟರ್. ನನ್ನ 4 ಮೀಟರ್ ಹಲಗೆಯೆಂದರೆ ನಿಜದ ನೆಲದಲ್ಲಿ 640 ಮೀಟರ್ ಮಾತ್ರ. ಹೀಗಾಗಿ ಇಡೀ ಘಾಟಿಯನ್ನು ಕಟ್ಟುವ ಮಾತೇ ಇಲ್ಲ. ಅದರ ಒಂದು ತುಣುಕನ್ನು ಕಟ್ಟಿ ಉಳಿದದ್ದು ಎರಡು ಬದಿಗೂ ಇದೆಯೆಂದು ನೋಡುವವರು ನಂಬುವಂತೆ ಮಾಡಬೇಕು. ಇಲ್ಲಿ ಮಾದರಿ ಕಟ್ಟುವ ಬಹಳ ಮಂದಿ ಏರನ್ನು ಇನ್ನೂ ಕಡಿದಾಗಿಸಿ, ನೂರಕ್ಕೆ ಮೂರು ನಾಲ್ಕರವರೆಗೂ ಒಯ್ದು, ಬೆಟ್ಟದ ಭಾವನೆ ತರಲು ನೋಡುತ್ತಾರೆ. ನನಗೆ ಅದು ಸರಿಕಾಣಲಿಲ್ಲ. ಗ್ರೇಡಿಯೆಂಟನ್ನು ಮಾತ್ರ ನಿಜದಲ್ಲಿ ಇರುವಂತೆಯೇ 2.25 ಪ್ರತಿಶತಕ್ಕೆ ಹಿಡಿದಿದ್ದೇನೆ. ಆದರೆ ಹಾಗೆ ಮಾಡಿದರೆ ಈ ತುದಿಯಿಂದ ಆ ತುದಿಗೆ ಏರುವುದು ಬರೀ 9 ಸೆಂಟಿಮೀಟರ್, ದೂರದಿಂದ ನೋಡಿದವರಿಗೆ ಹಳಿ ಮಟ್ಟಸವಾಗಿಯೇ ಕಾಣುತ್ತದೆ. ಆದ್ದರಿಂದ ಹಳಿಯನ್ನು ಬಿಟ್ಟು ಅದರ ಸುತ್ತಲಿನದನ್ನು ಬದಲಿಸಿದೆ. ನಿಜದ ಕಣಿವೆಯಲ್ಲಿ ಹೆದ್ದಾರಿಯೂ ಹಳಿಯ ಜೊತೆಜೊತೆಗೆ ಮೇಲೇರುತ್ತದೆ. ನನ್ನ ಕಣಿವೆಯಲ್ಲಿ ಹೆದ್ದಾರಿ ಸಮತಟ್ಟಾಗಿ ಹೋಗುತ್ತದೆ. ರಸ್ತೆಯೂ ಹಳಿಯೂ ಒಂದೇ ಮಟ್ಟದಲ್ಲಿ ಹೊರಟು, ಹಳಿ ಕ್ರಮೇಣ ರಸ್ತೆಯನ್ನು ಕೆಳಗೆ ಬಿಟ್ಟು ಹೋಗುವುದನ್ನು ಕಂಡಾಗ ಕಣ್ಣಿಗೆ ಏರು ತಾನಾಗಿ ಗೊತ್ತಾಗುತ್ತದೆ. ಚೌಕಟ್ಟಿನ ಮುಂಭಾಗವನ್ನು ಸಹ ಹಳಿಯ ಮಟ್ಟಕ್ಕಿಂತ ಆಳಕ್ಕೆ ಇಳಿಸಿ ಕಣಿವೆಯ ತಳವನ್ನು ಕೆಳಕ್ಕೆ ತಂದಿದ್ದೇನೆ. ಬೆಟ್ಟವನ್ನು ಎತ್ತರಿಸುವುದಕ್ಕಿಂತ ಕಣಿವೆಯನ್ನು ತಗ್ಗಿಸುವುದು ಸುಲಭವೂ ಹೌದು, ನೋಡಲು ಸಹಜವೂ ಹೌದು.

ತಿರುವುಗಳ ವಿಚಾರದಲ್ಲಿ ಮಾತ್ರ ನಿಮ್ಮ ಕೋಪಕ್ಕೆ ಗುರಿಯಾಗುವುದು ಖಂಡಿತ. ನಮ್ಮ ಬ್ರಾಡ್‌ಗೇಜಿನಲ್ಲಿ ಅತಿ ಬಿಗಿಯಾದ ತಿರುವೆಂದರೆ 10 ಡಿಗ್ರಿ, 175 ಮೀಟರ್ ತ್ರಿಜ್ಯ. ಅದನ್ನು ಕುಗ್ಗಿಸಿದರೂ ಒಂದು ಮೀಟರಿಗೆ ಮೇಲೆ ಬರುತ್ತದೆ. ನನ್ನ ಮೂಲೆಗಳಲ್ಲಿ ತ್ರಿಜ್ಯ 45 ಸೆಂಟಿಮೀಟರ್, ಅಂದರೆ ನಿಜದಲ್ಲಿ 72 ಮೀಟರ್. 1750ನ್ನು ತ್ರಿಜ್ಯದಿಂದ ಭಾಗಿಸಿ ಡಿಗ್ರಿ ಕಂಡುಹಿಡಿಯುವ ನಿಮ್ಮ ಸೂತ್ರಕ್ಕೆ ಹಾಕಿ ನೋಡಿದೆ: 24 ಡಿಗ್ರಿ! ಇಂಥ ತಿರುವಿನ ಮೇಲೆ ಟ್ರಾಲಿಯನ್ನೂ ಬಿಡಲು ನೀವು ಒಪ್ಪುತ್ತಿರಲಿಲ್ಲ. ಅದಕ್ಕೆಂದೇ ಆ ಬಿಗಿ ತಿರುವುಗಳನ್ನೆಲ್ಲ ಕಾಣದ ಕಡೆ, ಹಿನ್ನೆಲೆಯ ಹಲಗೆಯ ಹಿಂದಕ್ಕೆ ಅಟ್ಟಿದ್ದೇನೆ. ಕಾಣುವ ಭಾಗದಲ್ಲಿ ಒಂದೂವರೆ ಮೀಟರ್ ತ್ರಿಜ್ಯದ ಒಂದೇ ಉದ್ದನೆಯ ತಿರುವು, ಅದಕ್ಕೆ ಸ್ವಲ್ಪ ಕ್ಯಾಂಟ್, ಅಂದರೆ ಒಳಕ್ಕೆ ವಾಲು, ಕೂಡ ಇದೆ. ಹೊರಹಳಿಯ ಕೆಳಗೆ ಅರ್ಧ ಮಿಲಿಮೀಟರ್ ದಪ್ಪದ ರಟ್ಟಿನ ಪಟ್ಟಿ ಇಟ್ಟಿದ್ದೇನೆ. ಗಾಡಿ ಓಡಲು ಅದರ ಅಗತ್ಯ ಏನೇನೂ ಇಲ್ಲ. ಆದರೆ ವ್ಯಾಗನ್ನುಗಳ ಸಾಲು ಒಟ್ಟಿಗೆ ಒಳಕ್ಕೆ ವಾಲಿ ಬರುವುದನ್ನು ಕಂಡರೆ ಅದು ಏಕೆ ಬೇಕಿತ್ತೆಂದು ನಿಮಗೆ ವಿವರಿಸಬೇಕಾಗಿಲ್ಲ.

ರೈಲು ಕಾಣದ ಕಡೆಗೆ ಹೋಗಬೇಕಾದರೆ ಎಲ್ಲರೂ ಸುರಂಗದ ಬಾಯಿ ಕಟ್ಟುತ್ತಾರೆ. ಜರ್ಮನಿಯ ಮಾದರಿಗಳಲ್ಲಿ ಸುರಂಗಗಳ ಅತಿರೇಕ ನೋಡಿದರೆ ಈ ದೇಶದ ಗುಡ್ಡಗಳೆಲ್ಲ ಟೊಳ್ಳೇ ಎಂದು ಅನುಮಾನ ಬರುತ್ತದೆ. ಈ ಘಾಟಿಯಲ್ಲಿ ಸುರಂಗವೇ ಇಲ್ಲದ್ದರಿಂದ ಕೆಳತುದಿಯಲ್ಲಿ ಒಂದು ರಸ್ತೆ ಸೇತುವೆಯ ಅಡಿಯಿಂದಲೂ ಮೇಲ್ತುದಿಯಲ್ಲಿ ದಟ್ಟವಾದ ಬೀಚ್ ಮರಗಳ ಹಿಂದಿನಿಂದಲೂ ರೈಲು ಮರೆಯಾಗುವಂತೆ ಮಾಡಿದ್ದೇನೆ. ಅಲ್ಲಿಂದ ಮುಂದೆ ಅದು ಸುರುಳಿ ಸುತ್ತಿ ಇಳಿದು, ಹಲಗೆಯ ಅಡಿಯಲ್ಲಿರುವ ಗುಪ್ತ ಯಾರ್ಡಿನಲ್ಲಿ ನಿಂತು, ತನ್ನ ಸರದಿ ಬಂದಾಗ ಮತ್ತೆ ಗೈಸ್ಲಿಂಗನ್ ಕಡೆಯಿಂದ ಹೊರಡುತ್ತದೆ.

ಹಳಿಯೂ ಅಳತೆಗೆ ಸರಿಯಿಲ್ಲ. ನೀವು ಹಾಕಿಸುತ್ತಿದ್ದ, ಮೀಟರಿಗೆ 60 ಕಿಲೋ ತೂಗುವ ಹಳಿಯ ಎತ್ತರ 172 ಮಿಲಿಮೀಟರ್; 1:160ರಲ್ಲಿ ಅದು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಷ್ಟೇ ಇರಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎನ್ ಹಳಿ 2 ಮಿಲಿಮೀಟರಿನದು, ಅಂದರೆ ನಿಜದಲ್ಲಿ 32 ಸೆಂಟಿಮೀಟರ್ ಎತ್ತರದ ರಾಕ್ಷಸ ಹಳಿ. ಕಾಣುವ ಭಾಗಕ್ಕೆ ನಾನು 1.4 ಮಿಲಿಮೀಟರಿನ ತೆಳುಹಳಿಯನ್ನು ಹಾಕಿ, ಅದರ ಮಗ್ಗುಲಿಗೆ ತುಕ್ಕಿನ ಕಂದು ಬಣ್ಣ ಹಚ್ಚಿದ್ದೇನೆ. ಬಣ್ಣ ಹಚ್ಚಿದ ಮೇಲೆ ಹಳಿ ಇನ್ನಷ್ಟು ಗಿಡ್ಡವಾಗಿ ಕಾಣುತ್ತದೆ. ಮೇಲ್ಮೈಯನ್ನು ಮಾತ್ರ ಒರೆಸಿ ಹೊಳಪು ಉಳಿಸಬೇಕು, ಏಕೆಂದರೆ ಎಂಜಿನ್ನಿಗೆ ವಿದ್ಯುತ್ತು ಬರುವುದೇ ಅಲ್ಲಿಂದ.

ಬ್ಯಾಲಸ್ಟ್, ಅಂದರೆ ಹಳಿಯಡಿಯ ಜಲ್ಲಿ, ಹಾಕುವುದು ಈ ಕೆಲಸದಲ್ಲೆಲ್ಲ ತಾಳ್ಮೆ ಬೇಡುವ ಭಾಗ, ನನಗಂತೂ ಪ್ರಿಯವಾದ ಭಾಗ. ನಿಮ್ಮ 50 ಮಿಲಿಮೀಟರ್ ಜಲ್ಲಿ ಇಲ್ಲಿ 0.3 ಮಿಲಿಮೀಟರಿನ ಕಲ್ಲುಪುಡಿ. ರಂಗೋಲಿ ಪುಡಿ ಬಿಡುವಂತೆ ಬೆರಳುಗಳ ನಡುವಿನಿಂದ ಅದನ್ನು ಬಿಟ್ಟು, ಮೆತ್ತನೆಯ ಕುಂಚದಿಂದ ಸ್ಲೀಪರಿನ (ಹಳಿಯಡಿಯ ಅಡ್ಡಪಟ್ಟಿಯ) ಮೇಲಿನದನ್ನೆಲ್ಲ ನಡುವಿನ ಸಂದಿಗೆ ಸರಿಸಬೇಕು. ಗಾಡಿ ಹಳಿ ಬದಲಿಸುವ ಪಾಯಿಂಟ್ಸ್ ಇರುವಲ್ಲಿ ಚಲಿಸುವ ನಾಲಿಗೆಗಳ ಹತ್ತಿರ ಒಂದು ಕಣವೂ ಉಳಿಯಬಾರದು. ಆಮೇಲೆ ನೀರು ಚಿಮುಕಿಸಿ, ಫೆವಿಕಾಲಿನಂಥ ಬಿಳಿ ಗೋಂದಿಗೆ ಸಮಪಾಲು ನೀರು ಬೆರೆಸಿ, ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಹಾಕಿ, ಪಿಪೆಟ್ಟಿನಿಂದ ತೊಟ್ಟು ತೊಟ್ಟಾಗಿ ಬಿಡುತ್ತೇನೆ. ಸಾಬೂನು ಹಾಕದಿದ್ದರೆ ಗೋಂದಿನ ಹನಿ ಒಳಗಿಳಿಯದೆ ಮೇಲೆಯೇ ಗುಂಡಗೆ ನಿಂತು ಜಲ್ಲಿಯನ್ನು ಎಬ್ಬಿಸಿಬಿಡುತ್ತದೆ.

ಬಣ್ಣದ ಬಗ್ಗೆ ಒಂದು ಸಂಗತಿಯನ್ನು ನಿಮಗೆ ಹೇಳಲೇಬೇಕು, ನಿಮ್ಮಿಂದಲೇ ಕಲಿತದ್ದು. ಘಾಟಿ ಇಳಿಯುವ ಗಾಡಿಗಳು ಬ್ರೇಕು ಹಿಡಿದುಕೊಂಡೇ ಬರುವುದರಿಂದ ಬ್ರೇಕ್ ಬ್ಲಾಕಿನ ಕಬ್ಬಿಣದ ಪುಡಿ ಹಳಿಯ ಮೇಲೆಲ್ಲ ಉದುರುತ್ತದೆ. ಇಲ್ಲಿ ಜೋಡಿ ಹಳಿ ಇರುವುದರಿಂದಲೂ ಗಾಡಿಗಳು ಬಲಗಡೆಯ ಹಳಿಯಲ್ಲಿ ಓಡುವುದರಿಂದಲೂ ಏರುವ ಹಳಿ ಯಾವುದು, ಇಳಿಯುವುದು ಯಾವುದು ಎಂಬುದು ಸ್ಪಷ್ಟ. ಆದ್ದರಿಂದ ಇಳಿಯುವ ಹಳಿಯ ಜಲ್ಲಿಯನ್ನು ಕೆಂಗಂದು ಪುಡಿಯಿಂದ ಗಾಢವಾಗಿಸಿ, ಏರುವ ಹಳಿಯದನ್ನು ಬೂದು ಬಣ್ಣಕ್ಕೆ ಹತ್ತಿರ ಇಟ್ಟಿದ್ದೇನೆ. ಏರುವ ಹಳಿಯ ಮೇಲೆ ಎಂಜಿನ್ನುಗಳು ಚೆಲ್ಲಿದ ಮರಳಿನ ತೆಳು ಗೆರೆಯೂ ಇದೆ. ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. ಇಲ್ಲಿನ ಮಾದರಿ ರೈಲು ಸಂಘದ ಹಿರಿಯ ಡ್ರೈವರೊಬ್ಬರು ಮಾತ್ರ ಬಂದವರೇ ಅಲ್ಲಿ ಬೆರಳಿಟ್ಟು ತೋರಿಸಿದರು.

ಬಂಡೆಗಳನ್ನು ಸಿಲಿಕೋನ್ ಅಚ್ಚಿನಲ್ಲಿ ಪ್ಲಾಸ್ಟರ್ ಸುರಿದು ಎರಕ ಹೊಯ್ದು, ಹೊಂದಿಸಿ ಅಂಟಿಸಿದ್ದಾಯಿತು. ಇದು ಸುಣ್ಣಕಲ್ಲಿನ ಸೀಮೆ, ಬಂಡೆ ಬಿಳಿಚು. ನಮ್ಮ ಕಡೆಯ ಕೆಂಪು ಮಣ್ಣಿನ ರೂಢಿಯ ಮೇಲೆ ಕೈ ಗಾಢ ಬಣ್ಣಕ್ಕೇ ಹೋಗುವುದನ್ನು ತಡೆದು, ತೆಳ್ಳಗಿನ ಕಪ್ಪು ನೀರನ್ನು ಬಿರುಕುಗಳಿಗಷ್ಟೇ ಇಳಿಸಬೇಕಾಯಿತು. ಹುಲ್ಲು 2 ಮಿಲಿಮೀಟರಿನ ನೂಲಿನ ಎಳೆ. ಗೋಂದು ಬಳಿದ ನೆಲಕ್ಕೂ ಜರಡಿಗೂ ನಡುವೆ ಸ್ಥಿರ ವಿದ್ಯುತ್ತು ಹಾಯಿಸುವ ಒಂದು ಕೈ ಸಲಕರಣೆ ಇದೆ. ಅದರಿಂದ ಉದುರಿಸಿದರೆ ಎಳೆಗಳೆಲ್ಲ ನೆಟ್ಟಗೆ ನಿಲ್ಲುತ್ತವೆ. ಮರಗಳಲ್ಲಿ ಮತ್ತೆ ಅಳತೆ ತಪ್ಪಿಸಿದ್ದೇನೆ. 30 ಮೀಟರಿನ ಬೀಚ್ ಮರ ಲೆಕ್ಕಕ್ಕೆ 19 ಸೆಂಟಿಮೀಟರ್ ಆಗಬೇಕು, ಆದರೆ ಅಷ್ಟೆತ್ತರದ ಕಾಡು ನಿಂತರೆ 12 ಸೆಂಟಿಮೀಟರ್ ಉದ್ದದ ಎಂಜಿನ್ ಆಟದ ಸಾಮಾನಿನಂತೆ ಕಾಣತೊಡಗುತ್ತದೆ. ಮುಂದಿನ ಸಾಲಿಗೆ 12, ಹಿಂದಿನದಕ್ಕೆ 8 ಸೆಂಟಿಮೀಟರ್ ಸಾಕೆಂದು ನಿಲ್ಲಿಸಿದೆ. ಮೇಲಿನ ವಿದ್ಯುತ್ ತಂತಿಯನ್ನಂತೂ ಅಳತೆಗೆ ತರುವಂತಿಲ್ಲ: 12 ಮಿಲಿಮೀಟರಿನ ತಂತಿ ಕೂದಲೆಳೆಯಷ್ಟಾಗುತ್ತದೆ, ಅದನ್ನು ಬೆಸುಗೆ ಹಾಕುವವರು ಯಾರು?

ಇನ್ನು ಬ್ಯಾಂಕರ್. 1933ರಲ್ಲಿ ಸ್ಟುಟ್‌ಗಾರ್ಟ್–ಉಲ್ಮ್ ದಾರಿಗೆ ವಿದ್ಯುತ್ ಬಂದ ಮೇಲೆ ಇಲ್ಲಿ ಒತ್ತಲು ಬಂದ ಎಂಜಿನ್ನುಗಳಲ್ಲಿ ಇ 94 ಎಂಬುದು ಪ್ರಸಿದ್ಧ. 1968ರಲ್ಲಿ ಹೊಸ ಸಂಖ್ಯೆಗಳು ಬಂದಾಗ ಅದು 194 ಆಯಿತು, 1988ರವರೆಗೆ ದುಡಿಯಿತು. ಮುಂದೂ ಹಿಂದೂ ಉದ್ದ ಮೂತಿಯಿರುವುದರಿಂದ ಮೊಸಳೆ ಎನ್ನುತ್ತಾರೆ. ಮುಂಬೈ–ಪುಣೆ ದಾರಿಯ ಭೋರ್ ಘಾಟಿಯಲ್ಲಿ ಬ್ಯಾಂಕರ್ ಆಗಿದ್ದ ನಮ್ಮ ಡಬ್ಲ್ಯುಸಿಜಿ-1 ಇದರ ದಾಯಾದಿಯೇ ಸರಿ. ಸುಮಾರು 119 ಟನ್ನಿನ ಈ ಎಂಜಿನ್ನನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ 160 ಪಾಲು ಕುಗ್ಗಿಸಿದರೆ ತೂಕ ಬರೀ 29 ಗ್ರಾಮ್ ಆಗುತ್ತದೆ. ಅಷ್ಟು ಹಗುರಾದ ಎಂಜಿನ್ ಯಾವ ಏರನ್ನೂ ಏರಲಾರದು, ಆದ್ದರಿಂದ ತಯಾರಕರೇ ಒಳಗೆ ಲೋಹದ ದಿಮ್ಮಿ ತುಂಬಿ, ಒಂದೆರಡು ಚಕ್ರಗಳಿಗೆ ರಬ್ಬರ್ ಬಳೆ ತೊಡಿಸಿ ಕೊಡುತ್ತಾರೆ.

ಇದಕ್ಕಿಂತ ಕಷ್ಟವಾದದ್ದು ಎರಡು ಎಂಜಿನ್ನುಗಳ ವೇಗವನ್ನು ಹೊಂದಿಸುವುದು. ಒಂದೊಂದರೊಳಗೂ ಡಿಕೋಡರ್ ಎಂಬ ಪುಟ್ಟ ಬಿಲ್ಲೆ ಇರುತ್ತದೆ. ಒಂದೇ ಹಳಿಯ ಮೇಲೆ ನಿಂತಿದ್ದರೂ ಪ್ರತಿಯೊಂದಕ್ಕೂ ಬೇರೆ ಬೇರೆ ಆಜ್ಞೆ ಕೊಡಬಹುದು. ಹಿಂದಿನದು ತುಸು ಚುರುಕಾದರೆ ನಡುವಿನ ಖಾಲಿ ವ್ಯಾಗನ್ ತಿರುವಿನಲ್ಲಿ ಹೊರಕ್ಕೆ ಚಿಮ್ಮುತ್ತದೆ. ಮುಂದಿನದು ಚುರುಕಾದರೆ ಬ್ಯಾಂಕರ್ ಹಿಂದುಳಿದು ಸುಮ್ಮನೆ ಹಿಂಬಾಲಿಸುತ್ತದೆ. ಹಾಗಾಗಿ ಮುಂದಿನ ಎಂಜಿನ್ನನ್ನು ಕೂದಲೆಳೆಯಷ್ಟು ಚುರುಕಾಗಿಟ್ಟು, ಏರಿನಲ್ಲಿ ಅದು ಭಾರಕ್ಕೆ ನಿಧಾನವಾದ ಕ್ಷಣದಲ್ಲಿ ಬ್ಯಾಂಕರ್ ಬಂದು ತಾಗುವಂತೆ ಮಾಡಿದ್ದೇನೆ. ವ್ಯಾಗನ್ನುಗಳಿಗೆಲ್ಲ ತಳದಲ್ಲಿ ಸೀಸದ ಚೂರು ಅಂಟಿಸಿ ಸಮತೂಕ ಕೊಟ್ಟಿದ್ದೇನೆ. ಇಲ್ಲಿ ಬ್ಯಾಂಕರನ್ನು ಅನೇಕ ವೇಳೆ ಕಪ್ಲಿಂಗ್ ಹಾಕದೆಯೇ ಬಫರಿನಿಂದ ಒತ್ತಿಸಿ, ಮೇಲೆ ಆಮ್‌ಸ್ಟೆಟ್ಟನ್ನಿನಲ್ಲಿ ಗಾಡಿ ನಿಲ್ಲಿಸದೆ ಹಿಂದೆ ಬಿಡುತ್ತಿದ್ದರು. ನನ್ನದರಲ್ಲಿಯೂ ಆ ಕಪ್ಲಿಂಗಿನ ಬದಲು ಚಪ್ಪಟೆ ಪಟ್ಟಿಯೊಂದಿದೆ. ಮರಗಳ ಸಾಲು ಬರುವ ಮುಂಚೆ ಬ್ಯಾಂಕರ್ ನಿಧಾನವಾಗಿ ನಿಲ್ಲುತ್ತದೆ, ಗೂಡ್ಸ್ ಮುಂದೆ ಸಾಗುತ್ತದೆ, ನಡುವೆ ಅಂತರ ಬೆಳೆಯುತ್ತಾ ಹೋಗುತ್ತದೆ. 80 ಕಿಲೋಮೀಟರ್ ವೇಗವೆಂದರೆ ಇಲ್ಲಿ ಸೆಕೆಂಡಿಗೆ 14 ಸೆಂಟಿಮೀಟರ್. ನನ್ನ ಗೂಡ್ಸ್ ಅದರ ಅರ್ಧದಲ್ಲಿ ಏರುತ್ತದೆ. ಬಂದ ಮಕ್ಕಳಿಗೆ ಇದು ಬೇಸರ ತರಿಸುತ್ತದೆ, ನನಗೆ ಬೇಸರವಿಲ್ಲ.

2022ರ ಡಿಸೆಂಬರಿನಲ್ಲಿ ಉಲ್ಮ್ ಕಡೆಗೆ ಹೊಸ ವೇಗದ ದಾರಿ ತೆರೆದ ಮೇಲೆ ದೂರದ ಗಾಡಿಗಳಲ್ಲಿ ಹೆಚ್ಚಿನವು ಅತ್ತ ಹೋಗಿವೆ. ಹಳೆಯ ಘಾಟಿಯ ಮೇಲೆ ಗೂಡ್ಸ್ ಮತ್ತು ಊರೂರು ನಿಲ್ಲುವ ಗಾಡಿಗಳು ಉಳಿದಿವೆ, ಆದ್ದರಿಂದ ಅಳತೆಪಟ್ಟಿ ಹಿಡಿದು ಬೇಲಿಯಾಚೆಯಿಂದ ಫೋಟೋ ತೆಗೆಯಲು ನನಗೇನೂ ತೊಂದರೆಯಾಗಿಲ್ಲ.

ಇದು ಮುಗಿದ ಮೇಲೆ ಸಕಲೇಶಪುರ ಘಾಟಿಯ ಎಡಕುಮರಿ ಸ್ಟೇಷನ್ನಿನ ಒಂದು ಚಿಕ್ಕ ತುಣುಕನ್ನು ಕಟ್ಟುವ ಆಸೆಯಿದೆ. ಈಗಿನ ಬ್ರಾಡ್‌ಗೇಜನ್ನಲ್ಲ, 1979ರಲ್ಲಿ ತೆರೆದ ಮೀಟರ್‌ಗೇಜನ್ನು. ಕಾರಣ ಲೆಕ್ಕವೇ: 1676 ಮಿಲಿಮೀಟರಿನ ಬ್ರಾಡ್‌ಗೇಜ್ ಇಲ್ಲಿ ಹತ್ತೂವರೆ ಮಿಲಿಮೀಟರ್ ಆಗುತ್ತದೆ, ಆ ಅಂತರದ ಹಳಿ ಇಲ್ಲಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ಮೀಟರ್‌ಗೇಜಿಗಾದರೆ 6.25 ಬೇಕು, ಮೆರ್ಕ್ಲಿನ್ನಿನವರ ಝಡ್ ಗಾತ್ರದ 6.5 ಮಿಲಿಮೀಟರ್ ಹಳಿ ಸಿದ್ಧವಾಗಿಯೇ ಸಿಗುತ್ತದೆ. ಆ ಕಾಲದ ವೈಡಿಎಂ-4 ಡೀಸೆಲ್ ಎಂಜಿನ್ನಿನ ಮೈಯನ್ನು ಇಲ್ಲಿ ಮುದ್ರಿಸಿಕೊಳ್ಳಬಹುದು. ನನಗೆ ನಿಮ್ಮಿಂದ ಬೇಕಾಗಿರುವುದು ಇಷ್ಟು: ಮೀಟರ್‌ಗೇಜ್ ಕಾಲದಲ್ಲಿ ಅಲ್ಲಿ ಇದ್ದ ಸ್ಲೀಪರ್ ಯಾವುದು, ಮರದ್ದೋ ಕಬ್ಬಿಣದ್ದೋ; ಹಿಡಿತ ತಪ್ಪಿದ ಗಾಡಿಯನ್ನು ತಡೆಯುವ ಕ್ಯಾಚ್ ಸೈಡಿಂಗಿನ ಪಾಯಿಂಟ್ಸ್ ಸ್ಟೇಷನ್ನಿನ ಯಾವ ಬದಿಗಿತ್ತು, ಅದರ ಏರು ಎಷ್ಟು; ಹಳಿ ಕೆಲಸದ ಗ್ಯಾಂಗಿನವರ ಮನೆಗಳಿಗೆ ಯಾವ ಬಣ್ಣ ಬಳಿಯುತ್ತಿದ್ದರು, ಮಾಡು ಹಂಚಿನದೋ ಶೀಟಿನದೋ. ನಿಮ್ಮ ಹಳೆಯ ಡೈರಿಗಳಲ್ಲಿ ಕೈಯಿಂದ ಬರೆದ ನಕ್ಷೆಯೇನಾದರೂ ಇದ್ದರೆ ತಮ್ಮನಿಗೆ ಹೇಳಿ ಫೋಟೋ ತೆಗೆಸಿ ಕಳುಹಿಸಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಲು ಮರೆಯಬಾರದೆಂದು ಅವನಿಗೆ ಹೇಳಿ.

ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರಗಳು. ನಿಮ್ಮ ಅಳಿಯಂದಿರು ನಮಸ್ಕಾರ ತಿಳಿಸಿದ್ದಾರೆ.

ಇಂತಿ ನಿಮ್ಮ ಪ್ರೀತಿಯ
ಮಗಳು