ಮೊಳೆಗೆ ನೇತಾಡುವ ಕನ್ನಡಕ

ಮಾನ್ಯ ಸಂಪಾದಕರೇ,

ಗಾಡಿ ಓಡಿಸುವವರು ಹೆಲ್ಮೆಟ್ ಹಾಕಬೇಕು, ಬೆಲ್ಟ್ ಕಟ್ಟಬೇಕು ಅಂತ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ಆ ಗಾಡಿಗಳನ್ನು ರಿಪೇರಿ ಮಾಡುವವರ ಕಣ್ಣಿನ ಬಗ್ಗೆ ಓದಿದ ನೆನಪು ನನಗಿಲ್ಲ. ಅದಕ್ಕೇ ಈ ಪತ್ರ. ನಾನು ಬಹಳ ವರ್ಷದಿಂದ ಸ್ಪಾನರ್ ಹಿಡಿದವನು. ನನ್ನ ಬಲಗಣ್ಣಿನಿಂದ ಒಮ್ಮೆ ತುಕ್ಕು ಕೆರೆದು ತೆಗೆದಿದ್ದಾರೆ. ತಮಾಷೆಗೆ ಹೇಳುತ್ತಿಲ್ಲ, ಕಬ್ಬಿಣಕ್ಕೆ ಹಿಡಿಯುತ್ತದಲ್ಲ, ಅದೇ ತುಕ್ಕು.

ಆಗಿದ್ದು ಇಷ್ಟೇ. ಸೈಲೆನ್ಸರ್ ಕ್ಲಾಂಪಿನ ಬೋಲ್ಟು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟೆ, ಬಿಸಿ ಮಾಡಿದೆ, ಜಪ್ಪಯ್ಯ ಅನ್ನಲಿಲ್ಲ. ಕಬ್ಬಿಣ ಕತ್ತರಿಸುವ ಗ್ರೈಂಡರ್ ತಗೊಂಡು ಬೋಲ್ಟಿನ ತಲೆ ಹಾರಿಸಿಬಿಡೋಣ, ಒಂದೇ ನಿಮಿಷದ ಕೆಲಸ ಅಂದುಕೊಂಡೆ. ಚೂರು ಬೀಳದಂತೆ ಕಣ್ಣಿಗೆ ಹಾಕುವ ಕನ್ನಡಕ ಎದುರು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಹತ್ತು ಹೆಜ್ಜೆ ದೂರ. ಹೋಗಲಿಲ್ಲ. ಬೋಲ್ಟು ತುಂಡಾಯಿತು, ಕಣ್ಣಿಗೆ ಏನೋ ಚುಚ್ಚಿತು, ಉಜ್ಜಿಕೊಂಡೆ. ಉಜ್ಜಬಾರದು ಅಂತ ಗೊತ್ತಿದ್ದರೂ ಕೈ ಕೇಳಬೇಕಲ್ಲ. ನೀರಲ್ಲಿ ತೊಳೆದು, ಸರಿಹೋಗುತ್ತೆ ಬಿಡು ಅಂತ ಮಲಗಿದೆ. ಬೆಳಿಗ್ಗೆ ಬೆಳಕಿಗೆ ಕಣ್ಣು ತೆರೆಯಲಾಗಲಿಲ್ಲ.

ಕಣ್ಣಿನ ಡಾಕ್ಟರು ನೋಡಿ ಹೇಳಿದರು: ಕಬ್ಬಿಣದ ಚೂರು ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಅಂಟಿದೆ, ಸುತ್ತ ತುಕ್ಕಿನ ಉಂಗುರ ಕಟ್ಟಿದೆ. ಕಣ್ಣೀರು ಉಪ್ಪುನೀರೇ ಅಲ್ವಾ, ಅಲ್ಲಿ ಕಬ್ಬಿಣ ತುಕ್ಕು ಹಿಡಿಯಲು ಕೆಲವು ಗಂಟೆ ಸಾಕಂತೆ. ಮರಗಟ್ಟುವ ಹನಿ ಹಾಕಿ ಸೂಜಿಯಿಂದ ಚೂರು ತೆಗೆದರು. ಆಮೇಲೆ ಪುಟ್ಟ ಡ್ರಿಲ್ಲಿನಂಥದ್ದು ತಂದು ಉಂಗುರ ಕೆರೆದರು. ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಮೇಲೆ ಡ್ರಿಲ್ಲು ತಿರುಗುವಾಗ ನಾನು ಗ್ರೈಂಡರ್ ಹಿಡಿದ ನನ್ನ ಕೈಯನ್ನೇ ಬೈದುಕೊಂಡೆ.

ಗ್ರೈಂಡರಿನಲ್ಲಿ ತಿರುಗಿ ಲೋಹ ಕತ್ತರಿಸುವ ತಟ್ಟೆ, ಅಂದರೆ ಕಟ್ಟಿಂಗ್ ವೀಲಿನ ಮೇಲೆ ಬರೆದಿರುವುದನ್ನು ನಾವು ಓದುವುದಿಲ್ಲ. ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್ ಅಂತ ಇರುತ್ತದೆ. ಅದರ ಅಂಚು ಅಷ್ಟು ಜೋರಾಗಿ ತಿರುಗಬಹುದು ಅಂತ ಅರ್ಥ. ಗಂಟೆಗೆ 288 ಕಿಲೋಮೀಟರ್ ಆಯಿತು. ರೆಪ್ಪೆ ಮುಚ್ಚಲು ಸೆಕೆಂಡಿನ ಹತ್ತನೇ ಒಂದು ಪಾಲಾದರೂ ಬೇಕು. ಅಷ್ಟರಲ್ಲಿ ಆ ಅಂಚು ಎಂಟು ಮೀಟರ್ ಹೋಗಿರುತ್ತದೆ. ಕಣ್ಣು ಮುಚ್ಚಿಕೊಳ್ತೀನಿ ಬಿಡಿ ಅನ್ನುವ ಹುಡುಗರಿಗೆ ನಾನು ಈ ಲೆಕ್ಕ ಹೇಳುತ್ತೇನೆ. ವೀಲಿನ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳೂ ವರ್ಷವೂ ಇರುತ್ತದೆ. ತೇವ ಕುಡಿದ ಹಳೇ ವೀಲು ತಿರುಗುತ್ತಲೇ ಒಡೆದು ಹಾರಬಹುದು. ವೀಲಿಗೆ ಮರೆಯಾಗಿರುವ ಗಾರ್ಡ್ ಬಿಚ್ಚಿಟ್ಟ ಗ್ರೈಂಡರಿನಲ್ಲಿ ಆ ತುಂಡಿಗೆ ಅಡ್ಡ ಏನೂ ಇಲ್ಲ.

ಗ್ರೈಂಡರಿಗಾದರೂ ನಾವು ಸ್ವಲ್ಪ ಹೆದರುತ್ತೇವೆ. ಸುತ್ತಿಗೆ ಮತ್ತು ಉಳಿಗೆ ಯಾರೂ ಹೆದರುವುದಿಲ್ಲ. ನನಗೆ ಹೆಚ್ಚು ಭಯ ಅದರದ್ದೇ. ಹೊಡೆದು ಹೊಡೆದು ಉಳಿಯ ತಲೆ ಅಣಬೆಯ ಹಾಗೆ ಅರಳಿರುತ್ತದೆ. ಒಂದು ಏಟಿಗೆ ಅದರ ಅಂಚಿನ ಚೂರು ಗುಂಡಿನಂತೆ ಹಾರುತ್ತದೆ. ಅದು ಕಾರ್ನಿಯಾಕ್ಕೆ ಅಂಟಿ ನಿಲ್ಲುವುದಿಲ್ಲ, ಕಣ್ಣನ್ನು ತೂತು ಮಾಡಿ ಒಳಗೇ ಹೋಗಬಹುದು. ವಿಚಿತ್ರ ಏನೆಂದರೆ ನೋವು ಕಡಿಮೆ ಇರಬಹುದು, ನೋಟವೂ ಮೊದಲಿಗೆ ಸರಿಯಾಗೇ ಇರಬಹುದು. ತೂತು ಅಷ್ಟು ಸಣ್ಣದು. ಒಳಗೆ ಉಳಿದ ಕಬ್ಬಿಣ ನಿಧಾನವಾಗಿ ಕಣ್ಣಿನ ನರಪದರವನ್ನೇ ಹಾಳು ಮಾಡುತ್ತದೆ. ಎಂಆರ್‌ಐ ಮಾಡುವ ಮುಂಚೆ, ಲೋಹದ ಕೆಲಸ ಮಾಡಿದ್ದೀರಾ, ಕಣ್ಣಿಗೆ ಚೂರು ಬಿದ್ದಿತ್ತಾ ಅಂತ ಕೇಳುವುದು ಇದಕ್ಕೇ. ಎಂಆರ್‌ಐ ಯಂತ್ರದ ಅಯಸ್ಕಾಂತಕ್ಕೆ ಕಣ್ಣೊಳಗಿನ ಚೂರು ಅಲುಗಾಡಿದರೆ ಕಥೆ ಮುಗಿಯಿತು. ಹಾಗಾಗಿ ಸುತ್ತಿಗೆ ಏಟು ಹಾಕುವಾಗ ಕಣ್ಣಿಗೆ ಏನೋ ತಗುಲಿತು ಅನ್ನಿಸಿದರೆ, ಈಗ ಏನೂ ಇಲ್ಲವಲ್ಲ ಅಂತ ಸುಮ್ನೆ ಕೂರಬೇಡಿ. ಏನಾದರೂ ಚುಚ್ಚಿಕೊಂಡು ನಿಂತಿದ್ದರೆ ಕೀಳಬೇಡಿ, ತೊಳೆಯಬೇಡಿ, ಒತ್ತಬೇಡಿ. ಕಣ್ಣಿಗೆ ತಾಗದ ಹಾಗೆ ಮೇಲೊಂದು ಪೇಪರ್ ಲೋಟ ಇಟ್ಟು, ಟೇಪ್ ಅಂಟಿಸಿ ಆಸ್ಪತ್ರೆಗೆ ಹೋಗಿ. ಉಳಿಯ ಅರಳಿದ ತಲೆಯನ್ನು ಆಗಾಗ ಉಜ್ಜಿ ಸಪಾಟು ಮಾಡುವುದು ಐದು ನಿಮಿಷದ ಕೆಲಸ. ಕನ್ನಡಕ ಹಾಕಿಕೊಂಡು ಮಾಡಿ, ಅಷ್ಟೇ.

ಬ್ಯಾಟರಿಯದ್ದು ಬೇರೆ ಥರ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಶೇ. 4 ಸೇರಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಸಿಡಿದರೆ ಆಸಿಡ್ಡು ನೇರ ಮುಖಕ್ಕೆ. ಸತ್ತ ಬ್ಯಾಟರಿಗೆ ಇನ್ನೊಂದು ಬ್ಯಾಟರಿಯಿಂದ ಜಂಪ್ ಕೊಡುವಾಗ ಕೊನೆಯ ನೆಗೆಟಿವ್ ಕ್ಲಿಪ್ಪನ್ನು ಬ್ಯಾಟರಿಯಿಂದ ದೂರ, ಎಂಜಿನ್ನಿನ ಲೋಹಕ್ಕೆ ಹಾಕಿ ಅನ್ನುವುದು ಆ ಕಿಡಿಗೋಸ್ಕರ. ಆಸಿಡ್ ಬಿದ್ದರೆ ಔಷಧಿ ಹುಡುಕುತ್ತಾ ನಿಲ್ಲಬೇಡಿ. ಹತ್ತಿರದ ನಲ್ಲಿಗೆ ಓಡಿ, ರೆಪ್ಪೆ ಬಿಡಿಸಿ ಹಿಡಿದು, ಕಡಿಮೆ ಅಂದರೆ 15 ನಿಮಿಷ ನೀರು ಹರಿಸಿ. ಗಡಿಯಾರ ನೋಡಿಕೊಂಡು. ಪಾರ್ಟ್ಸ್ ತೊಳೆಯುವ ಕ್ಷಾರದ ದ್ರಾವಣ ಆಸಿಡ್ಡಿಗಿಂತ ಕೆಟ್ಟದ್ದು. ಆಸಿಡ್ ಮೇಲಿನ ಪದರವನ್ನು ಗಟ್ಟಿ ಮಾಡಿ ಬಹುಪಾಲು ಅಲ್ಲೇ ನಿಲ್ಲುತ್ತದೆ, ಕ್ಷಾರ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ.

ವೆಲ್ಡಿಂಗಿನ ಬೆಳಕಿನಿಂದ ಕಣ್ಣಿಗೆ ಪೆಟ್ಟು ತಿನ್ನುವವನು ಎಷ್ಟೋ ಸಲ ವೆಲ್ಡರ್ ಅಲ್ಲ, ಪಕ್ಕದಲ್ಲಿ ಪೈಪು ಹಿಡಿದು ನಿಂತ ಹುಡುಗ. ಅವನಿಗೆ ಆಗ ಏನೂ ಗೊತ್ತಾಗುವುದಿಲ್ಲ. ಆರೇಳು ಗಂಟೆ ಕಳೆದು ನಡುರಾತ್ರಿಯಲ್ಲಿ ಕಣ್ಣಿಗೆ ಮರಳು ತುಂಬಿದಂತೆ ಉರಿ ಏಳುತ್ತದೆ. ಒಂದೆರಡು ದಿನದಲ್ಲಿ ಹೆಚ್ಚಾಗಿ ವಾಸಿಯಾಗುತ್ತದೆ. ಆದರೆ ಯಾರೋ ಕೊಟ್ಟ ಮರಗಟ್ಟಿಸುವ ಹನಿಯನ್ನು ಪದೇ ಪದೇ ಹಾಕಿಕೊಂಡರೆ ಗಾಯ ಮಾಯುವುದೇ ಇಲ್ಲ. ಆ ಹನಿ ಡಾಕ್ಟರ ಕೈಯಲ್ಲಿ ಮಾತ್ರ ಇರಲಿ.

ಇನ್ನು ಗಾಡಿ ಕೆಳಗೆ ಮಲಗಿದಾಗ ಉದುರುವ ತುಕ್ಕು, ಪ್ಲೈಯರಿನಿಂದ ಜಾರಿ ಹಾರುವ ಸರ್ಕ್ಲಿಪ್ಪು ಅನ್ನುವ ಸ್ಪ್ರಿಂಗ್ ಬಳೆ, ತಿರುಗುವ ವೈರ್ ಬ್ರಷ್ಷಿನಿಂದ ಕಿತ್ತು ಬರುವ ತಂತಿ, ಬಿಸಿ ರೇಡಿಯೇಟರಿನ ಮುಚ್ಚಳ. ಗ್ಯಾರೇಜಿನವರಿಗೆ ಇವನ್ನು ನಾನು ಬಿಡಿಸಿ ಹೇಳಬೇಕಿಲ್ಲ. (ಕೆಳಗೆ ಮಲಗುವ ಮಾತು ಬಂತು, ಹೇಳಿಬಿಡುತ್ತೇನೆ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಸ್ಟ್ಯಾಂಡ್ ಇಡದೆ ತಲೆ ಒಳಗೆ ಹಾಕಬೇಡಿ.)

ಈಗ ನಿಜವಾದ ತಕರಾರಿಗೆ ಬರುತ್ತೇನೆ. ಹುಡುಗರು ಕನ್ನಡಕ ಹಾಕಲ್ಲ ಸಾರ್, ಎಷ್ಟು ಹೇಳಿದರೂ ಅಷ್ಟೇ ಅಂತ ಮಾಲೀಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊಳೆಗೆ ನೇತಾಡುವ ಆ ಕನ್ನಡಕವನ್ನು ಒಮ್ಮೆ ನೀವೇ ಹಾಕಿ ನೋಡಿ. ಗೀರು ಬಿದ್ದು ಮಬ್ಬಾಗಿರುತ್ತದೆ, ಇನ್ನೊಬ್ಬರ ಬೆವರು ಅಂಟಿರುತ್ತದೆ, ಎರಡು ಸಲ ಉಸಿರು ಬಿಟ್ಟರೆ ಮಂಜು ಕಟ್ಟುತ್ತದೆ. ಏನೂ ಕಾಣದೆ ಗ್ರೈಂಡರ್ ಹಿಡಿಯುವುದಕ್ಕಿಂತ ಬಿಚ್ಚಿಡುವುದೇ ವಾಸಿ ಅಂತ ಹುಡುಗನಿಗೆ ಅನ್ನಿಸಿದರೆ ಅದು ಉಡಾಫೆ ಅಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೊಡಿ, ಅವರವರ ಮೂಗಿಗೆ ಕೂರುವಂಥದ್ದು, ಮಂಜು ಕಟ್ಟದ ಲೇಪ ಇರುವಂಥದ್ದು. ಗ್ರೀಸ್ ಬಟ್ಟೆಯಲ್ಲಿ ಒರೆಸಿದರೆ ಅದರಲ್ಲಿರುವ ಲೋಹದ ಪುಡಿಯೇ ಗೀರು ಹಾಕುತ್ತದೆ. ಸೋಪು ನೀರಲ್ಲಿ ತೊಳೆಯಬೇಕು. ಬ್ರೇಕ್ ಕ್ಲೀನರ್ ಸಿಂಪಡಿಸಿದರೆ ಕನ್ನಡಕದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಕೊಳ್ಳುವಾಗ ಗುರುತು ನೋಡಿ. ಕಣ್ಣಿನ ರಕ್ಷಣೆಗಿರುವ ಯುರೋಪಿನ ಮಾನದಂಡ ಇಎನ್ 166ರ ಗುರುತಿನ ಜೊತೆ ಎಫ್ ಅಕ್ಷರ ಇದ್ದರೆ, ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಂದ 6 ಮಿ.ಮೀ. ಉಕ್ಕಿನ ಗುಂಡನ್ನು ತಡೆದಿದೆ ಅಂತ ಅರ್ಥ. ಬಿ ಇದ್ದರೆ 120 ಮೀಟರ್. ಅಮೆರಿಕದ್ದಾದರೆ ಝಡ್87, ಪಕ್ಕದಲ್ಲಿ ಪ್ಲಸ್ ಚಿಹ್ನೆ. ಓದುವ ಕನ್ನಡಕ ಇದಕ್ಕೆ ಸಮ ಅಲ್ಲ, ಒಡೆದರೆ ಅದರ ಚೂರೇ ಕಣ್ಣಿಗೆ. ಮುಖಕ್ಕೆ ಇಳಿಬಿಡುವ ಶೀಲ್ಡ್ ಇದ್ದರೂ ಒಳಗೆ ಕನ್ನಡಕ ಬೇಕು, ಕೆಳಗಿನಿಂದ ಕಿಡಿ ನುಗ್ಗುತ್ತದೆ.

ಗಾಡಿ ತಂದವರಿಗೂ ಒಂದು ಮಾತು. ಗ್ರೈಂಡರ್ ಓಡುವಾಗ ಮೆಕ್ಯಾನಿಕ್ ಭುಜದ ಮೇಲಿಂದ ಇಣುಕಬೇಡಿ. ಗಿರಾಕಿ ಯಾರು, ಕೆಲಸದವನು ಯಾರು ಅಂತ ಹಾರುವ ಚೂರಿಗೆ ಗೊತ್ತಿಲ್ಲ.

ನಮ್ಮಲ್ಲಿ ಈಗ ಆ ಮೊಳೆ ಇಲ್ಲ, ಕಿತ್ತಿದ್ದೇನೆ. ಪ್ರತಿಯೊಬ್ಬರ ಕನ್ನಡಕ ಅವರ ಕೊರಳಿಗೆ ದಾರದಲ್ಲಿ ಇರುತ್ತದೆ. ಇನ್ನೊಂದು ಜೊತೆಯನ್ನು ಗ್ರೈಂಡರಿನ ಪ್ಲಗ್ಗಿಗೇ ಕಟ್ಟಿದ್ದೇನೆ. ಅದನ್ನು ಬಿಚ್ಚದೆ ಪ್ಲಗ್ಗು ಬೋರ್ಡಿಗೆ ಹೋಗುವುದಿಲ್ಲ. ಮೊದಲ ವಾರ ಹುಡುಗರು ನಕ್ಕರು. ಈಗ ನಾನೇ ಮರೆತು ಬರಿಗಣ್ಣಲ್ಲಿ ಬಗ್ಗಿದರೆ, ಅಣ್ಣಾ ಕನ್ನಡಕ ಅಂತ ಕೂಗುತ್ತಾರೆ.

ಇತಿ,
ಒಬ್ಬ ಮೆಕ್ಯಾನಿಕ್