ಕೆನಡಾದ ವಿಂಡ್ಸರ್‌ನ ಆ ಹಿರಿಯರಿಗೆ

ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇಬಿಟ್ಟಿರಿ. ಅದಕ್ಕೇ ಇಲ್ಲಿ, ಎಲ್ಲರೆದುರು ಕೈ ಮುಗಿಯುತ್ತಿದ್ದೇನೆ.

2025ರ ಏಪ್ರಿಲ್. ಹೊರದೇಶದ ಕಾರುಗಳ ಮೇಲೆ ಅಮೆರಿಕ ಶೇ. 25 ಸುಂಕ ಹೇರಿತ್ತು. ವಿಂಡ್ಸರ್ ಇರುವ ಒಂಟಾರಿಯೊ ಪ್ರಾಂತ್ಯದ ಸರ್ಕಾರಿ ಮದ್ಯದಂಗಡಿಗಳು, ಅದಕ್ಕೂ ಮೊದಲಿನ ಸುಂಕಗಳಿಗೆ ಪ್ರತಿಯಾಗಿ, ಮಾರ್ಚ್‌ನಲ್ಲೇ ಅಮೆರಿಕದ ಬಾಟಲಿಗಳನ್ನು ಕಪಾಟಿನಿಂದ ಇಳಿಸಿದ್ದವು. ಕಾರು ಕಾರ್ಖಾನೆಗಳನ್ನೇ ನಂಬಿಕೊಂಡ ವಿಂಡ್ಸರ್‌ನಲ್ಲಿ ಕಾರಿನ ಸುಂಕ ಹೊಟ್ಟೆಪಾಡಿನ ಪ್ರಶ್ನೆ. ಜನರ ಸಿಟ್ಟು ನ್ಯಾಯವಾದದ್ದೇ, ಇವತ್ತಿಗೂ ಹಾಗೇ ಹೇಳುತ್ತೇನೆ.

ಹುಟ್ಟಿದ್ದು ಹಾಸನದಲ್ಲಾದರೂ ನನ್ನ ಪಾಸ್‌ಪೋರ್ಟ್ ಅಮೆರಿಕದ್ದು. ಅಮೆರಿಕದಿಂದ ಆಗಷ್ಟೇ ಬಂದಿದ್ದರಿಂದ ಕಾರಿಗಿನ್ನೂ ಅಲ್ಲಿನ ಮಿಶಿಗನ್ ರಾಜ್ಯದ ನಂಬರ್ ಪ್ಲೇಟ್. ಅಂಗಡಿಯ ಪಾರ್ಕಿಂಗ್‌ನಲ್ಲಿ ಒಬ್ಬಾತ ಬಾನೆಟ್ ಗುದ್ದಿ "ನಿಮ್ಮ ದೇಶಕ್ಕೆ ತೊಲಗಿ" ಎಂದು ಕಿರುಚಿದ. ಮಗಳು ನನ್ನ ಕೋಟು ಬಿಗಿಯಾಗಿ ಹಿಡಿದಳು. ಹಾಲಿನ ಪ್ಯಾಕೆಟ್ ಕೈಜಾರಿ ಒಡೆದು ಡಾಂಬರಿನ ಮೇಲೆಲ್ಲ ಹರಿಯಿತು. ಕಾರ್ಮಿಕ ಸಂಘದ ಜಾಕೆಟ್ ತೊಟ್ಟ ನೀವು ನಡುವೆ ಬಂದು ನಿಂತು, ದನಿ ಏರಿಸದೆ, "ನನ್ನ ಪಾಳಿಯೂ ನಿಂತಿದೆ ಕಣಪ್ಪಾ. ಸುಂಕ ಹಾಕಿದ್ದು ಈ ತಾಯಿಯಲ್ಲ" ಎಂಬರ್ಥದಲ್ಲಿ ಹೇಳಿದಿರಿ. ಅವನು ತಲೆತಗ್ಗಿಸಿ ಹೋದ. ನೀವು ಒಳಗೆ ಹೋಗಿ ಬೇರೆ ಹಾಲು ತಂದು ಡಿಕ್ಕಿಯಲ್ಲಿಟ್ಟಿರಿ. ದುಡ್ಡು ಮುಟ್ಟಲಿಲ್ಲ.

ಕೆಲಸ ನಿಂತ ಹೊತ್ತಿನಲ್ಲಿ ನೀವು ಕೊಂಡುಕೊಟ್ಟ ಹಾಲು ಅದು! ಕೋಪ ಮಾಡಿಕೊಳ್ಳುವ ಹಕ್ಕು ಅಲ್ಲಿ ಯಾರಿಗಾದರೂ ಇದ್ದಿದ್ದರೆ ಅದು ನಿಮಗೇ. ನಿಮ್ಮ ಋಣ ದೊಡ್ಡದು. ಈ ಹಿರಿಯರನ್ನು ಬಲ್ಲ ಕನ್ನಡಿಗರು ಯಾರಾದರೂ ಆ ಊರಲ್ಲಿದ್ದರೆ, ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.