ಸರ್ಪಗಂಧ ಮನೆಮದ್ದಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸರ್ಪಗಂಧದ ಬಗ್ಗೆ ಬಂದ ಮನೆಮದ್ದಿನ ಟಿಪ್ಪಣಿ ಓದಿದೆ. ಒಂದು ಚಮಚ ಬೇರಿನ ಪುಡಿಯನ್ನು ಹಾಲಿಗೆ ಹಾಕಿ ಕುಡಿದರೆ ಬಿ.ಪಿ. ಇಳಿಯುತ್ತದೆ, ನಿದ್ದೆ ಬರುತ್ತದೆ ಎಂದಿದೆ. ಎರಡೂ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ.

ಸಾಗರ ಪೇಟೆಯಲ್ಲಿ 38 ವರ್ಷ ಗ್ರಂಥಿಗೆ ಅಂಗಡಿ ನಡೆಸಿದವನು ನಾನು. ಬಜೆ, ಹಿಪ್ಪಲಿ, ಅಳಲೆಕಾಯಿ ಕೇಳಿದವರಿಗೆಲ್ಲ ಕಟ್ಟಿಕೊಟ್ಟಿದ್ದೇನೆ. ಈ ಬೇರನ್ನು ಮಾತ್ರ ಪಂಡಿತರ ಚೀಟಿ ಇಲ್ಲದೆ ಕೊಟ್ಟದ್ದು ಒಂದೇ ಸಲ. ಪರಿಚಯದ ಅಡಿಕೆ ತೋಟದವರು, ದಾಕ್ಷಿಣ್ಯಕ್ಕೆ ಸಿಕ್ಕಿದೆ. ಬಿ.ಪಿ. ಮಾತ್ರೆಯನ್ನೂ ನುಂಗುತ್ತಿದ್ದೀರಾ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎಂಟು ದಿನಕ್ಕೆ ಅಡಿಕೆ ಹರವಿದ ಅಂಗಳದಲ್ಲೇ ಕಣ್ಣು ಕತ್ತಲೆ ಬಂದು ಕುಸಿದರು. ಬದುಕಿಕೊಂಡರು, ಸರಿ. ಆದರೆ ಮೂಗು ಕಟ್ಟಿಕೊಂಡು, ಮಾತಿಲ್ಲದೆ ಮಂಕಾಗಿ ವಾರಗಟ್ಟಲೆ ಜಗಲಿಯಲ್ಲಿ ಕೂತಿದ್ದರಂತೆ. ಅವರ ಹೆಂಡತಿ ಅಂಗಡಿಗೇ ಬಂದು ಹೇಳಿ ಹೋದರು. ನಾಡಿ ನಿಧಾನವಾಗುವುದು, ಮನಸ್ಸು ಕುಗ್ಗುವುದು ಈ ಬೇರಿಗೆ ಹೊಸದಲ್ಲ.

1949ರಲ್ಲಿ ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಬರೆದ ಮೇಲೆ ಹೊರದೇಶದವರ ಕಣ್ಣು ಇದರ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇದರಿಂದ ರೆಸರ್ಪಿನ್ ಎಂಬ ಔಷಧದ ಸತ್ವ ತೆಗೆದರು. ಅದರ ಮಾತ್ರೆಯ ಅಳತೆ ಕಾಲು ಮಿಲಿಗ್ರಾಂ, ಅದಕ್ಕೂ ಕಡಿಮೆ. ನಿಮ್ಮ ಒಂದು ಚಮಚದಲ್ಲಿ ಅದು ಎಷ್ಟಿದೆ ಎಂದು ಚಮಚಕ್ಕೆ ಗೊತ್ತೇ?

ಇನ್ನು ಟಿಪ್ಪಣಿಯ ಜೊತೆ ಹಾಕಿದ ಚಿತ್ರ. ಅದು ಸರ್ಪಗಂಧವಲ್ಲ, ಅಮೆರಿಕದ ಕಡೆಯಿಂದ ಬಂದು ನಮ್ಮ ಬೇಲಿ ಸೇರಿದ ಅದರ ದಾಯಾದಿ. ಗೆಣ್ಣಿಗೆ ನಾಲ್ಕು ಎಲೆ, ಅವೂ ಒಂದೇ ಅಳತೆಯವಲ್ಲ. ಹೂವು ಮಾಸಲು ಬಿಳಿ. ನಮ್ಮ ಗಿಡದಲ್ಲಿ ಸಾಮಾನ್ಯವಾಗಿ ಗೆಣ್ಣಿಗೆ ಮೂರು ಎಲೆ, ಹೂಗೊಂಚಲಿನ ತೊಟ್ಟು ಕೆಂಪು. ಬೇರು ಮೂಸಿದರೆ ವಾಸನೆಯೇ ಇಲ್ಲ (ಹೆಸರಿಗೆ ಗಂಧ ಸೇರಿಸಿದ ಪುಣ್ಯಾತ್ಮ ಯಾರೋ), ನಾಲಿಗೆಗೆ ತಾಗಿಸಿದರೆ ಕಹಿ ಊಟದ ಹೊತ್ತಿನವರೆಗೂ ಬಿಡುವುದಿಲ್ಲ. ಸತ್ವ ಹೆಚ್ಚೂಕಡಿಮೆ ಸಿಪ್ಪೆಯಲ್ಲೇ. ತಿಕ್ಕಿ ತೊಳೆದು ಬೆಳ್ಳಗೆ ಮಾಡಿ ತಂದ ಬೇರನ್ನು ನಾನು ತಕ್ಕಡಿಗೇ ಹಾಕುತ್ತಿರಲಿಲ್ಲ.

ಟಿಪ್ಪಣಿ ಬಂದ ಮೂರನೇ ದಿನ ನಮ್ಮೂರ ಸೊಪ್ಪಿನಬೆಟ್ಟದ ಅಂಚಿನಲ್ಲಿ ಹಾರೆ ಹಾಕಿದ ಹೊಸ ಗುಂಡಿ ಕಂಡೆ. ಓದಿದವರೇ ಅಗೆದರು ಎನ್ನಲು ಸಾಕ್ಷಿಯಿಲ್ಲ. ಅಲ್ಲಿದ್ದದ್ದು ನಾಲ್ಕೇ ಗಿಡ, ಕಾಯಿ ಇನ್ನೂ ಹಸಿರಾಗಿತ್ತು. ಬೇರೂ ಹೋಯಿತು, ಬೀಜವೂ ಹೋಯಿತು. ಗಿಡದ ಸೊಪ್ಪು ಮಾತ್ರ ಗುಂಡಿಯ ಪಕ್ಕ ಬಾಡಿ ಬಿದ್ದಿತ್ತು.

ತಿದ್ದುಪಡಿಯನ್ನು ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಸರಿಯಾದ ಚಿತ್ರ ಬೇಕಿದ್ದರೆ ನಮ್ಮ ಹಿತ್ತಿಲಲ್ಲಿ ಗಿಡವಿದೆ, ಮೊಮ್ಮಗಳು ಫೋಟೊ ತೆಗೆದು ಕಳಿಸುತ್ತಾಳೆ. ಅದರ ಕೆಳಗೆ ಊರಿನ ಹೆಸರು ಹಾಕಬೇಡಿ.

ಇಂತಿ,
ನಿವೃತ್ತ ಗ್ರಂಥಿಗೆ ವ್ಯಾಪಾರಿ, ಸಾಗರ ತಾಲ್ಲೂಕು